ಗಡಿಯ ಮೇಲೊಂದು ಹಾಲಿನ ಪಾತ್ರೆ

ಮಕ್ಕಳೇ,

ನೀವು ಅಣ್ಣನೊಂದಿಗೋ ತಂಗಿಯೊಂದಿಗೋ ಜಗಳವಾಡಿ ಮಾತು ಬಿಟ್ಟದ್ದುಂಟೇ? ಊಟದ ಹೊತ್ತಿಗೆ ಅಮ್ಮ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಬಡಿಸಿದಾಗ ಏನಾಯಿತು? ಉಪ್ಪಿನಕಾಯಿ ಬೇಕೆಂದು ಕೇಳುವುದಕ್ಕಾದರೂ ಬಾಯಿ ತೆರೆಯಲೇಬೇಕಾಯಿತು, ಅಲ್ಲವೇ? ಒಮ್ಮೆ ಎರಡು ಸೈನ್ಯಗಳಿಗೂ ಹೀಗೆಯೇ ಆಯಿತು. ಆ ಕತೆಯನ್ನು ಕೇಳೋಣ.

ಇದು ನಡೆದದ್ದು ಸ್ವಿಟ್ಜರ್‌ಲೆಂಡ್ ಎಂಬ ದೇಶದಲ್ಲಿ. ಭೂಪಟದಲ್ಲಿ ಯುರೋಪ್ ಖಂಡದ ನಡುಭಾಗವನ್ನು ನೋಡಿರಿ. ಫ್ರಾನ್ಸ್, ಜರ್ಮನಿ, ಆಸ್ಟ್ರಿಯ, ಇಟಲಿ ಇವುಗಳ ನಡುವೆ ಅದು ಸಿಗುತ್ತದೆ. ನಮ್ಮ ಕೇರಳಕ್ಕಿಂತ ಸ್ವಲ್ಪ ಮಾತ್ರ ದೊಡ್ಡದು. ಆ ದೇಶಕ್ಕೆ ಕಡಲು ಇಲ್ಲ. ಆದರೆ ಹಿಮ ತುಂಬಿದ ಆಲ್ಪ್ಸ್ ಪರ್ವತಗಳಿವೆ, ಹಸುರು ಹುಲ್ಲುಗಾವಲುಗಳಿವೆ, ದೊಡ್ಡ ಸರೋವರಗಳಿವೆ.

ಅಲ್ಲಿನ ಒಂದೊಂದು ಪ್ರಾಂತ್ಯಕ್ಕೆ ಕ್ಯಾಂಟನ್ ಎಂದು ಹೆಸರು. ಇಂದು 26 ಕ್ಯಾಂಟನ್‌ಗಳಿವೆ. ಸುಮಾರು ಐನೂರು ವರ್ಷಗಳ ಹಿಂದೆ 13 ಇದ್ದವು. ಅವುಗಳಿಗೆಲ್ಲ ಒಬ್ಬ ರಾಜನಿರಲಿಲ್ಲ. ಕಷ್ಟ ಬಂದಾಗ ಒಬ್ಬರಿಗೊಬ್ಬರು ನೆರವಾಗುತ್ತೇವೆ ಎಂದು ಅವು ಮಾತು ಕೊಟ್ಟಿದ್ದವು. ಹೀಗೆ ಮಾತು ಕೊಟ್ಟವರ ನಡುವೆಯೇ ಒಂದು ದೊಡ್ಡ ಜಗಳ ಹುಟ್ಟಿತು.

ಜಗಳ ಹೇಗೆ ಬಂತು?

ಜ್ಯೂರಿಕ್ ಎಂಬ ನಗರದಲ್ಲಿ ಉಲ್ರಿಚ್ ಜ್ವಿಂಗ್ಲಿ ಎಂಬ ಪಾದ್ರಿಗಳಿದ್ದರು. ಚರ್ಚಿನ ಆಚಾರಗಳು ಬದಲಾಗಬೇಕು ಎಂದು ಅವರು ಬೋಧಿಸಿದರು. ಜ್ಯೂರಿಕ್‌ನ ಜನರು ಒಪ್ಪಿದರು. ಆದರೆ ಬೆಟ್ಟದ ಸೀಮೆಯ ಐದು ಕ್ಯಾಂಟನ್‌ಗಳ ಜನರು ಒಪ್ಪಲಿಲ್ಲ. ನಮ್ಮ ಹಿರಿಯರು ನಡೆದ ದಾರಿಯೇ ನಮಗೆ ಸಾಕು ಎಂದರು. ಮಾತಿಗೆ ಮಾತು ಬೆಳೆಯಿತು. 1529ರ ಜೂನ್ ತಿಂಗಳಲ್ಲಿ ಎರಡು ಕಡೆಯವರೂ ಈಟಿ, ಕತ್ತಿ ಹಿಡಿದು ಹೊರಟರು. ಜ್ಯೂರಿಕ್ ಮತ್ತು ತ್ಸೂಗ್ ಕ್ಯಾಂಟನ್‌ಗಳ ಗಡಿಯಲ್ಲಿರುವ ಕಾಪೆಲ್ ಎಂಬ ಹಳ್ಳಿಯ ಬಳಿ ಎದುರುಬದುರಾಗಿ ನಿಂತರು.

ಆಗ ಗ್ಲಾರುಸ್ ಕ್ಯಾಂಟನಿನ ಮುಖಂಡರಾದ ಹಾನ್ಸ್ ಎಬ್ಲಿ ಎಂಬವರು ಮುಂದೆ ಬಂದರು. ಅವರಿಗೆ ಎರಡು ಕಡೆಯವರ ಪರಿಚಯವೂ ಇತ್ತು. ನಮ್ಮ ನಮ್ಮಲ್ಲೇ ರಕ್ತ ಹರಿಸುವುದು ಬೇಡ, ಸ್ವಲ್ಪ ತಡೆಯಿರಿ ಎಂದು ಬೇಡಿಕೊಂಡರು. ಮುಖಂಡರು ಮಾತುಕತೆಗೆ ಕುಳಿತರು. ಸೈನಿಕರು ಕಾಯುತ್ತಾ ನಿಂತರು.

ಹಾಲು ಯಾರದು? ರೊಟ್ಟಿ ಯಾರದು?

ಕಾದು ಕಾದು ಸೈನಿಕರಿಗೆ ಹಸಿವಾಯಿತು. ಬೆಟ್ಟದ ಸೀಮೆಯವರು ಹಸು ಸಾಕುವವರು. ಅವರಲ್ಲಿ ಹಾಲು ಧಾರಾಳವಾಗಿತ್ತು, ರೊಟ್ಟಿ ಇರಲಿಲ್ಲ. ಜ್ಯೂರಿಕ್‌ನವರಲ್ಲಿ ರೊಟ್ಟಿ ಬೇಕಾದಷ್ಟಿತ್ತು. ಬೆಟ್ಟದ ಸೈನಿಕರು ಒಂದು ದೊಡ್ಡ ಪಾತ್ರೆಯ ತುಂಬ ಹಾಲು ತಂದು ಸರಿಯಾಗಿ ಗಡಿಯ ಮೇಲೆಯೇ ಇಟ್ಟರು. ನಮ್ಮಲ್ಲಿ ಒಳ್ಳೆಯ ಹಾಲಿದೆ, ಅದಕ್ಕೆ ಹಾಕಲು ಏನೂ ಇಲ್ಲ ಎಂದು ಕೂಗಿ ಹೇಳಿದರು. ಜ್ಯೂರಿಕ್‌ನ ಸೈನಿಕರು ರೊಟ್ಟಿಯೊಂದಿಗೆ ಓಡಿ ಬಂದರು, ಅದನ್ನು ಮುರಿದು ಹಾಲಿಗೆ ಹಾಕಿದರು.

ಪಾತ್ರೆಯ ಅರ್ಧ ಜ್ಯೂರಿಕ್‌ನ ನೆಲದಲ್ಲಿ, ಇನ್ನರ್ಧ ತ್ಸೂಗಿನ ನೆಲದಲ್ಲಿ! ಅವರು ಅತ್ತ, ಇವರು ಇತ್ತ ಕುಳಿತು ತಿನ್ನತೊಡಗಿದರು. ಯಾರಾದರೂ ಆಸೆಯಿಂದ ನಡುಗೆರೆ ದಾಟಿ ಚಮಚ ಹಾಕಿದರೆ ಎದುರಿನವನು ತಮಾಷೆಗೆ ಅವನ ಕೈಗೆ ಒಂದು ಪೆಟ್ಟು ಕೊಡುತ್ತಿದ್ದನು. ನಿನ್ನ ನೆಲದ್ದನ್ನು ನೀನು ತಿನ್ನು ಎಂದು ನಗುತ್ತಿದ್ದನು. ಬೆಳಿಗ್ಗೆ ಈಟಿ ಹಿಡಿದ ಕೈಗಳಲ್ಲಿ ಈಗ ಚಮಚಗಳಿದ್ದವು. ಜೂನ್ ತಿಂಗಳು ಮುಗಿಯುವ ಮೊದಲೇ ಒಪ್ಪಂದವಾಯಿತು. ಯುದ್ಧ ಮಾಡದೆಯೇ ಎಲ್ಲರೂ ಮನೆಗೆ ಮರಳಿದರು.

ಈ ಕತೆ ನಮಗೆ ಹೇಗೆ ತಿಳಿಯಿತು? ಹೈನ್ರಿಚ್ ಬುಲ್ಲಿಂಗರ್ ಎಂಬವರು ತಮ್ಮ ಚರಿತ್ರೆಯ ಗ್ರಂಥದಲ್ಲಿ ಇದನ್ನು ಬರೆದಿಟ್ಟಿದ್ದಾರೆ. ಅವರು ಅದೇ ಕಾಪೆಲ್‌ನ ಮಠದ ಶಾಲೆಯಲ್ಲಿ ಆರು ವರ್ಷ ಅಧ್ಯಾಪಕರಾಗಿದ್ದವರು. 1869ರಲ್ಲಿ ಆಲ್ಬರ್ಟ್ ಆಂಕರ್ ಎಂಬ ಕಲಾವಿದರು ಈ ಊಟದ ಚಿತ್ರ ಬರೆದರು. ಕಾಪೆಲ್‌ನಲ್ಲಿ ಇದರ ನೆನಪಿಗೆ ಒಂದು ಕಲ್ಲನ್ನೂ ನಿಲ್ಲಿಸಿದ್ದಾರೆ.

ರೊಟ್ಟಿ ನಿಂತಾಗ

ಕತೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಚರಿತ್ರೆಯಲ್ಲಿ ನಡೆದದ್ದನ್ನೆಲ್ಲ ಹೇಳಬೇಕು. ಎರಡು ವರ್ಷ ಕಳೆಯುವಷ್ಟರಲ್ಲಿ ಮತ್ತೆ ಮನಸ್ಸು ಮುರಿಯಿತು. 1531ರಲ್ಲಿ ಜ್ಯೂರಿಕ್‌ನವರೂ ಅವರ ಗೆಳೆಯರೂ ಬೆಟ್ಟದ ಸೀಮೆಗೆ ಧಾನ್ಯ, ಉಪ್ಪು ಹೋಗದಂತೆ ದಾರಿ ಮುಚ್ಚಿದರು. ಹಸಿದ ಜನ ಸಿಟ್ಟಿಗೆದ್ದರು. ಅಕ್ಟೋಬರ್ 11ರಂದು ಅದೇ ಕಾಪೆಲ್‌ನಲ್ಲಿ ಯುದ್ಧ ನಡೆಯಿತು. ಜ್ವಿಂಗ್ಲಿಯವರೂ ನೂರಾರು ಮಂದಿ ಜ್ಯೂರಿಕ್‌ನವರೂ ಸತ್ತರು. ರೊಟ್ಟಿ ಹಂಚಿಕೊಂಡಾಗ ನಿಂತ ಯುದ್ಧ ರೊಟ್ಟಿಯನ್ನು ತಡೆದಾಗ ಬಂದೇ ಬಂತು.

ಇಂತಹ ಜಗಳಗಳು ಮುಂದೆಯೂ ಆದವು. ಕೊನೆಯ ಅಂತರ್ಯುದ್ಧ ನಡೆದದ್ದು 1847ರಲ್ಲಿ. ಅದರಲ್ಲಿ ಗೆದ್ದ ಸೇನಾಪತಿ ಹೆನ್ರಿ ದುಫೂರ್. ಗಾಯಗೊಂಡ ಶತ್ರುಗಳನ್ನೂ ಆರೈಕೆ ಮಾಡಬೇಕು, ಹೆಂಗಸರು, ಮಕ್ಕಳು, ಮುದುಕರನ್ನು ಮುಟ್ಟಬಾರದು ಎಂದು ಅವರು ತಮ್ಮ ಸೈನಿಕರಿಗೆ ಆಜ್ಞೆ ಮಾಡಿದ್ದರು. ಒಂದು ತಿಂಗಳೊಳಗೆ ಯುದ್ಧ ಮುಗಿಯಿತು. ಸುಮಾರು ನೂರು ಮಂದಿ ಸತ್ತರು. ಮರುವರ್ಷ, 1848ರಲ್ಲಿ, ಇಡೀ ದೇಶಕ್ಕೆ ಒಂದು ಸಂವಿಧಾನ ಬಂತು. ಅದರಂತೆ ಸಂಸತ್ತಿನ ಒಂದು ಸಭೆಯಲ್ಲಿ ದೊಡ್ಡ ಜ್ಯೂರಿಕ್‌ಗೂ ಎರಡು ಸ್ಥಾನ, ಸೋತವರ ಕಡೆಯಲ್ಲಿದ್ದ ಪುಟ್ಟ ಊರಿ ಕ್ಯಾಂಟನಿಗೂ ಎರಡು ಸ್ಥಾನ.

ನಾಲ್ಕು ಭಾಷೆಗಳ ನಾಡು

ಆ ಸಂವಿಧಾನವು ಜರ್ಮನ್, ಫ್ರೆಂಚ್, ಇಟಾಲಿಯನ್ ಎಂಬ ಮೂರು ಭಾಷೆಗಳನ್ನು ರಾಷ್ಟ್ರ ಭಾಷೆಗಳೆಂದು ಒಪ್ಪಿತು. ಆದರೆ ಗ್ರೌಬುಂಡೆನ್ ಎಂಬ ಬೆಟ್ಟದ ಕ್ಯಾಂಟನಿನಲ್ಲಿ ರೊಮಾನ್ಶ್ ಎಂಬ ನಾಲ್ಕನೆಯ ಭಾಷೆಯೂ ಇತ್ತು. ಅದನ್ನು ಆಡುವವರು ಬಹಳ ಕಡಿಮೆ. ಇಂದು ನೂರು ಜನರಲ್ಲಿ ಒಬ್ಬರೂ ಇಲ್ಲ! ಇಷ್ಟು ಸಣ್ಣ ಭಾಷೆಗೆ ಸ್ಥಾನ ಕೊಡಬೇಕೇ ಎಂದು 1938ರಲ್ಲಿ ದೇಶದಲ್ಲೆಲ್ಲ ಮತದಾನ ನಡೆಯಿತು. ಮತ ಹಾಕಿದವರಲ್ಲಿ ಹೆಚ್ಚಿನವರು ಆ ಭಾಷೆಯನ್ನು ಅರಿಯದವರು. ಆದರೂ ಬಹುಮತದಿಂದ 'ಕೊಡಬೇಕು' ಎಂದರು. ಆಗ ಮತ ಹಾಕಿದವರು ಗಂಡಸರು ಮಾತ್ರ. ದೇಶದ ಮತದಾನದಲ್ಲಿ ಹೆಂಗಸರಿಗೆ ಆ ಹಕ್ಕು ಸಿಕ್ಕಿದ್ದು 1971ರಲ್ಲಿ.

ಅಲ್ಲಿನ ನೋಟುಗಳಲ್ಲಿ ನಾಲ್ಕು ಭಾಷೆಗಳ ಬರಹವಿದೆ. ಆದರೆ ಪುಟ್ಟ ಅಂಚೆಚೀಟಿಯಲ್ಲಿ ನಾಲ್ಕು ಹೆಸರಿಗೆ ಜಾಗವೆಲ್ಲಿ? ಅದಕ್ಕೆ 'ಹೆಲ್ವೇಶಿಯ' ಎಂದು ಹಳೆಯ ಲ್ಯಾಟಿನ್ ಹೆಸರನ್ನು ಅಚ್ಚು ಹಾಕುತ್ತಾರೆ. ಯಾರ ಭಾಷೆಯೂ ಮೇಲಲ್ಲ, ಯಾರ ಭಾಷೆಯೂ ಕೆಳಗಲ್ಲ.

ಮಕ್ಕಳೇ, ನೀವೂ ಹಲವು ಭಾಷೆಗಳ ನೆರೆಕರೆಯಲ್ಲಿ ಬೆಳೆಯುವವರು. ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಸಣ್ಣ ಭಾಷೆಯ ಬೆಲೆ ಏನೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ನಿಮ್ಮ ಪಕ್ಕದಲ್ಲಿ ಕುಳಿತ ಗೆಳೆಯನ ಭಾಷೆ ನಿಮ್ಮದಕ್ಕಿಂತಲೂ ಸಣ್ಣದಿರಬಹುದು. ಬುತ್ತಿ ಬಿಚ್ಚಿದಾಗ ಅವನನ್ನೂ ಕರೆಯಿರಿ. ಅವನ ಭಾಷೆಯಲ್ಲಿ ಊಟಕ್ಕೆ ಏನೆನ್ನುತ್ತಾರೆ ಎಂದು ಕೇಳಿ ತಿಳಿಯಿರಿ.

ಪದಗಳ ಅರ್ಥ

ಪ್ರಾಂತ್ಯ - ದೇಶದ ಒಂದು ಭಾಗ
ಧಾರಾಳ - ಬೇಕಾದಷ್ಟು
ಅಂತರ್ಯುದ್ಧ - ಒಂದೇ ದೇಶದವರ ನಡುವಿನ ಯುದ್ಧ
ಬಹುಮತ - ಅರ್ಧಕ್ಕಿಂತ ಹೆಚ್ಚು ಜನರ ಒಪ್ಪಿಗೆ
ನೆರೆಕರೆ - ಅಕ್ಕಪಕ್ಕದ ಮನೆ, ಊರು

ಅಭ್ಯಾಸ

ಅ) ಉತ್ತರ ಬರೆಯಿರಿ.
1. ಸೈನಿಕರು ಹಾಲಿನ ಪಾತ್ರೆಯನ್ನು ಎಲ್ಲಿ ಇಟ್ಟರು?
2. ಹಾನ್ಸ್ ಎಬ್ಲಿಯವರು ಏನೆಂದು ಬೇಡಿಕೊಂಡರು?
3. 1531ರಲ್ಲಿ ಮತ್ತೆ ಯುದ್ಧವಾಗಲು ಕಾರಣವೇನು?
4. ಅಂಚೆಚೀಟಿಯಲ್ಲಿ ಲ್ಯಾಟಿನ್ ಹೆಸರನ್ನು ಹಾಕುವುದೇಕೆ?

ಆ) ಹೊಂದಿಸಿ ಬರೆಯಿರಿ.
1529 - ಸಂವಿಧಾನ
1848 - ರೊಮಾನ್ಶ್ ಭಾಷೆಗೆ ಸ್ಥಾನ
1938 - ಹಾಲಿನ ಪಾತ್ರೆ

ಇ) ಗುಂಪಿನಲ್ಲಿ ಚರ್ಚಿಸಿರಿ.
ಜ್ಯೂರಿಕ್‌ನವರು ಧಾನ್ಯ ಹೋಗುವ ದಾರಿಯನ್ನು ಮುಚ್ಚದಿದ್ದರೆ ಏನಾಗುತ್ತಿತ್ತು?

ಈ) ಮಾಡಿ ನೋಡಿರಿ.
1. ಪಾತ್ರೆಯ ಸುತ್ತ ಕುಳಿತ ಸೈನಿಕರ ಸಂಭಾಷಣೆ ಬರೆದು ತರಗತಿಯಲ್ಲಿ ಅಭಿನಯಿಸಿರಿ.
2. ನಿಮ್ಮ ತರಗತಿಯ ಮಕ್ಕಳು ಮನೆಯಲ್ಲಿ ಆಡುವ ಭಾಷೆಗಳ ಪಟ್ಟಿ ಮಾಡಿರಿ. ಹಾಲು, ಅನ್ನ, ನೀರು ಇವುಗಳಿಗೆ ಆ ಭಾಷೆಗಳಲ್ಲಿ ಏನೆನ್ನುತ್ತಾರೆ ಎಂದು ಬರೆಯಿರಿ.