ಎಡಿನ್‌ಬರೊದ ಬೋಸ್

ಪ್ರಶ್ನೆ: ಬಂಗಾಳದಿಂದ ಬ್ರಿಟನ್ನಿಗೆ ಹೋಗಿ ಅಲ್ಲೇ ನೆಲೆಸಿದ ಶಿಲ್ಪಿಯೊಬ್ಬರನ್ನು ಫ್ರೆಂಚ್ ಶಿಲ್ಪಿ ರೋಡಿನ್ ಮೆಚ್ಚಿದ್ದರಂತೆ. ಯಾರವರು? ಕಲಿತದ್ದೆಲ್ಲಿ?

ಉತ್ತರ: ಫಣೀಂದ್ರನಾಥ ಬೋಸ್. ಸುಭಾಷ್, ಜಗದೀಶಚಂದ್ರ, ಸತ್ಯೇಂದ್ರನಾಥರ ಗದ್ದಲದಲ್ಲಿ ಈ ಬೋಸ್ ಕಳೆದೇಹೋದರು. ಹುಟ್ಟಿದ್ದು 1888ರಲ್ಲಿ, ಢಾಕಾ ಬಳಿಯ ವಿಕ್ರಮಪುರ ಸೀಮೆಯಲ್ಲಿ. ಕಲ್ಕತ್ತೆಯಲ್ಲಿ ಚಿತ್ರ ಬರೆಯಲು ಕಲಿತು, ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲೇ ಹಡಗು ಹತ್ತಿದರು.

ಹೊರಟ ಗಳಿಗೆ ನೋಡಿ. ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯಲ್ಲಿ ಪ್ರಿನ್ಸಿಪಾಲ್ ಹ್ಯಾವೆಲ್ ಸಾಹೇಬರು ಪಾಶ್ಚಾತ್ಯ ಮಾದರಿಗಳನ್ನು ತೆಗೆಸಿ ಭಾರತೀಯ ಕಲೆಯನ್ನು ಒಳಗೆ ತರುತ್ತಿದ್ದ ಕಾಲ ಅದು. ಈ ಹುಡುಗ ಮಾತ್ರ ಆ ಮಾದರಿಗಳ ತವರಿಗೇ ಹೊರಟ! ಎಡಿನ್‌ಬರೊ ಕಾಲೇಜ್ ಆಫ್ ಆರ್ಟ್‌ನಲ್ಲಿ ಪರ್ಸಿ ಪೋರ್ಟ್ಸ್‌ಮತ್ ಎಂಬ ಶಿಲ್ಪಿ ಗುರುವಾಗಿ ಸಿಕ್ಕರು. ಅಲ್ಲಿಂದ ಪ್ಯಾರಿಸ್. ಎಪ್ಪತ್ತು ದಾಟಿದ್ದ ರೋಡಿನ್ ಅವರ ಭೇಟಿ, ಶಹಭಾಸ್‌ಗಿರಿ ಆಗಿದ್ದು ಆಗಲೇ.

ಬೋಸರ ಕೈ ಪಳಗಿದ್ದು ಸಣ್ಣ ಕಂಚಿನ ಪ್ರತಿಮೆಗಳಲ್ಲಿ. ಬ್ರಿಟನ್ನಿನ ಶಿಲ್ಪಿಗಳು ಇಂಥವಕ್ಕೆ ಮೇಣದೆರಕವನ್ನು ಮತ್ತೆ ರೂಢಿಗೆ ತಂದು ಬಹಳ ವರ್ಷ ಆಗಿರಲಿಲ್ಲ. ಮೇಣದಲ್ಲಿ ರೂಪ ತಿದ್ದಿ, ಸುತ್ತ ಅಚ್ಚು ಮೆತ್ತಿ, ಕಾಯಿಸಿ, ಮೇಣ ಕರಗಿ ಹರಿದುಹೋದ ಜಾಗಕ್ಕೆ ಕರಗಿಸಿದ ಲೋಹ ಹೊಯ್ಯುವುದು. ಹೆಬ್ಬೆರಳಿನಲ್ಲಿ ಒತ್ತಿದ ಗುರುತೂ ಕಂಚಿನಲ್ಲಿ ಹಾಗೇ ಉಳಿಯುತ್ತದೆ. ನಮಗಿದು ಹೊಸದೇನಲ್ಲ: ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ಇದರ ವಿಧಾನವನ್ನು, ಮೇಣದ ಎಷ್ಟು ಪಟ್ಟು ಲೋಹ ಬೇಕೆಂಬ ಲೆಕ್ಕದ ಸಮೇತ, ಬರೆದಿಟ್ಟಿದ್ದಾನೆ.

ಬೋಸರ ‘ನೋವುಂಡ ಹುಡುಗ’, ‘ಬೇಟೆಗಾರ’ ಮುಂತಾದವು ವೇಲ್ಸ್‌ನ ಹೆಸರಾಂತ ಶಿಲ್ಪಿ ಗೋಸ್ಕಂಬ್ ಜಾನ್ ಅವರ ಕಣ್ಣಿಗೆ ಬಿದ್ದವು. ಅವರು ಕೊಂಡುಕೊಂಡದ್ದು ಮುಂದೆ ಕಾರ್ಡಿಫ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸೇರಿತು. ಒಬ್ಬ ಶಿಲ್ಪಿ ಇನ್ನೊಬ್ಬನ ಕೆಲಸಕ್ಕೆ ಗಂಟು ಬಿಚ್ಚಿದನೆಂದರೆ ನನಗದು ರೋಡಿನ್ನರ ಶಹಭಾಸ್‌ಗಿರಿಗಿಂತ ದೊಡ್ಡದು. ಇತ್ತ ಬರೋಡದ ಸಯಾಜಿರಾವ್ ಗಾಯಕವಾಡರೂ ತಮ್ಮ ಲಕ್ಷ್ಮೀವಿಲಾಸ ಅರಮನೆಗೆ ಅವರಿಂದ ಪ್ರತಿಮೆಗಳನ್ನು ಮಾಡಿಸಿಕೊಂಡರು.

ಸ್ಕಾಟ್ಲೆಂಡಿನ ಪರ್ತ್ ಊರಿನ ಸೇಂಟ್ ಜಾನ್ಸ್ ಚರ್ಚಿನಲ್ಲಿ, ಮೊದಲ ಮಹಾಯುದ್ಧದಲ್ಲಿ ಮಡಿದವರ ಸ್ಮಾರಕಕ್ಕೆ ಸ್ನಾನಿಕ ಯೋಹಾನನ ಕಂಚಿನ ಮೂರ್ತಿ ಮಾಡಿಕೊಟ್ಟವರೂ ಇವರೇ. 1925ರಲ್ಲಿ ರಾಯಲ್ ಸ್ಕಾಟಿಷ್ ಅಕಾಡೆಮಿ ಅವರನ್ನು ಸಹಸದಸ್ಯರನ್ನಾಗಿ ಆರಿಸಿತು. ಭಾರತೀಯನೊಬ್ಬನಿಗೆ ಆ ಮಾನ ಸಿಕ್ಕಿದ್ದು ಅದೇ ಮೊದಲು.

ಅವರು ಮರೆತುಹೋದದ್ದೇಕೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮವರು ಸ್ವದೇಶಿ ಕಲೆಯ ಚರಿತ್ರೆ ಬರೆಯುವಾಗ ಈ ಪಾಶ್ಚಾತ್ಯ ಕೈಯನ್ನು ಎಲ್ಲಿ ಕೂರಿಸಬೇಕೋ ತೋಚಲಿಲ್ಲ. ಅಲ್ಲಿಯವರಿಗೆ ಸಣ್ಣ ಕಂಚಿನ ಪ್ರತಿಮೆಗಳೇ ಹಳೆ ಫ್ಯಾಷನ್ ಆದವು. ಜೊತೆಗೆ ಆಯಸ್ಸೂ ಸಾಲಲಿಲ್ಲ. ಸಹಸದಸ್ಯರಾದ ಮರುವರ್ಷವೇ, 1926ರ ಆಗಸ್ಟ್‌ನಲ್ಲಿ, ಪೀಬಲ್ಸ್ ಊರಿನಲ್ಲಿ ಮೀನು ಹಿಡಿಯಲು ಹೋಗಿದ್ದವರು ಅಲ್ಲೇ ತೀರಿಕೊಂಡರು. ಆಗ ಅವರಿಗೆ 38.