ಮೊಬೈಲ್ ಬ್ಯಾಟರಿಯ ಪಾಲನೆ: ಆಪತ್ತಿನ ವೇಳೆಗೆ ಫೋನ್ ಕೈಕೊಡದಿರಲಿ



ಈ ಪುಟದಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಮೇವು, ಜಂತುನಾಶಕ, ಲಸಿಕೆ ಇವುಗಳ ಬಗ್ಗೆ ಬರೆಯುತ್ತೇನೆ. ಈ ಸಲ ಮೊಬೈಲ್ ಫೋನಿನ ಬ್ಯಾಟರಿಯ ಬಗ್ಗೆ ಬರೆಯುತ್ತಿರುವುದು ಕೆಲವರಿಗೆ ಆಶ್ಚರ್ಯವೆನಿಸಬಹುದು. ಅದಕ್ಕೆ ಕಾರಣವಿದೆ.

ಕಳೆದ ಮಳೆಗಾಲದ ಒಂದು ರಾತ್ರಿ ಸದಸ್ಯರೊಬ್ಬರ ಮಿಶ್ರತಳಿ ಹಸು ಕರು ಹಾಕಿದ ಮರುದಿನವೇ ಕುಸಿದು ಬಿತ್ತು. ಕಿವಿ ತಣ್ಣಗಾಗಿತ್ತು, ಕತ್ತನ್ನು ಹೊಟ್ಟೆಯ ಕಡೆಗೆ ತಿರುಗಿಸಿ ಮಲಗಿತ್ತು. ಅದು ಹಾಲು ಜ್ವರ. ಮನೆಯಲ್ಲಿ ಎರಡು ಸ್ಮಾರ್ಟ್‌ಫೋನ್ ಇದ್ದವು. ಒಂದರಲ್ಲಿ ಮಕ್ಕಳು ಸಂಜೆಯಿಡೀ ವಿಡಿಯೋ ನೋಡಿ ಬ್ಯಾಟರಿ ಖಾಲಿ ಮಾಡಿದ್ದರು. ಇನ್ನೊಂದು, ಕೊಟ್ಟಿಗೆಯಲ್ಲಿ ಟಾರ್ಚ್ ಹಾಕಿ ಹಸುವನ್ನು ನೋಡುತ್ತಿರುವಾಗಲೇ ಆಫ್ ಆಯಿತು. ಕರೆಂಟ್ ಇರಲಿಲ್ಲ. ಪಕ್ಕದ ಮನೆಯವರ ಫೋನ್ ಕೇಳೋಣವೆಂದರೆ ನನ್ನ ನಂಬರು ಬಾಯಿಪಾಠವಿಲ್ಲ. ಅದು ಇದ್ದದ್ದು ಆಫ್ ಆದ ಫೋನಿನೊಳಗೇ. ಸಂಘದ ಕಾರ್ಯದರ್ಶಿಯವರ ಮನೆಗೆ ನಡೆದು ಹೋಗಿ, ಅವರನ್ನು ಎಬ್ಬಿಸಿ, ನನಗೆ ಸುದ್ದಿ ಮುಟ್ಟುವಾಗ ಎರಡು ಗಂಟೆ ಕಳೆದಿತ್ತು. ನಾನು ಹೋದಾಗ ಹಸು ಮಗ್ಗುಲಿಗೆ ಬಿದ್ದು ಹೊಟ್ಟೆ ಉಬ್ಬರಿಸಿತ್ತು. ಕ್ಯಾಲ್ಸಿಯಂ ಅನ್ನು ರಕ್ತನಾಳಕ್ಕೆ ನಿಧಾನವಾಗಿ ಕೊಟ್ಟ ಮೇಲೆ ಬೆಳಗಿನ ಜಾವ ಎದ್ದು ನಿಂತಿತು. ಇನ್ನೂ ತಡವಾಗಿದ್ದರೆ ಹಸು ಉಳಿಯುತ್ತಿರಲಿಲ್ಲ.

ಹೊಟ್ಟೆ ಉಬ್ಬರ, ಕರು ಅಡ್ಡ ಬಂದಿರುವುದು, ಹಾವು ಕಡಿತ ಇವೆಲ್ಲ ಹೇಳಿ ಕೇಳಿ ಬರುವುದಿಲ್ಲ. ಸಂಜೆ ಬೆದೆಗೆ ಬಂದ ಹಸುವಿಗೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಆಗಬೇಕಾದರೂ ಸಕಾಲದಲ್ಲಿ ಕರೆ ಹೋಗಬೇಕು. ಆದ್ದರಿಂದ ಫೋನ್ ಕೂಡ ಈಗ ಹೈನುಗಾರಿಕೆಯ ಸಲಕರಣೆಯೇ.

ಬ್ಯಾಟರಿಯ ಗುಣ

ಈಗಿನ ಸ್ಮಾರ್ಟ್‌ಫೋನುಗಳಲ್ಲಿ ಇರುವುದು ಲಿಥಿಯಂ ಅಯಾನ್ ಬ್ಯಾಟರಿ ಅಥವಾ ಅದೇ ಜಾತಿಯ ಲಿಥಿಯಂ ಪಾಲಿಮರ್ ಬ್ಯಾಟರಿ. ಇದು ಮಾರುಕಟ್ಟೆಗೆ ಬಂದದ್ದು 1991ರಲ್ಲಿ. ಇದನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಚಾರ್ಜ್ ಮಾಡುವಾಗ ಲಿಥಿಯಂ ಕಣಗಳು ಒಂದು ಧ್ರುವದಿಂದ ಇನ್ನೊಂದಕ್ಕೆ ಸಾಗುತ್ತವೆ; ಬಳಸುವಾಗ ಹಿಂದಿರುಗುತ್ತವೆ. ಪ್ರತಿ ಓಡಾಟದಲ್ಲೂ ಸ್ವಲ್ಪ ಸವೆತವಿದೆ. ಸುಮಾರು 500 ಪೂರ್ಣ ಚಾರ್ಜ್ ಆದ ಮೇಲೆ ಅನೇಕ ಬ್ಯಾಟರಿಗಳ ಸಾಮರ್ಥ್ಯ ಶೇಕಡಾ 80ರ ಆಸುಪಾಸಿಗೆ ಇಳಿಯುತ್ತದೆ. ಹೊಸ ಮಾದರಿಯ ಕೆಲವು ಇನ್ನೂ ಹೆಚ್ಚು ಬಾಳುತ್ತವೆ.

ಇದನ್ನು ಹಸುವಿನ ಮೆಲುಕು ಚೀಲಕ್ಕೆ ಹೋಲಿಸಬಹುದು. ಹಸುವನ್ನು ದಿನವಿಡೀ ಉಪವಾಸ ಕೆಡವಿ, ಸಂಜೆ ಒಮ್ಮೆಲೇ ಹಿಂಡಿ ಬೂಸಾ ಸುರಿದರೆ ಅಜೀರ್ಣವಾಗುತ್ತದೆ. ಹಂಚಿ ಕೊಟ್ಟರೆ ಒಗ್ಗುತ್ತದೆ. ಬ್ಯಾಟರಿಗೂ ಪೂರ್ತಿ ಖಾಲಿ ಮತ್ತು ಸದಾ ಭರ್ತಿ ಎರಡೂ ಒಗ್ಗುವುದಿಲ್ಲ.

ಆಯುಷ್ಯ ಹೆಚ್ಚಿಸಲು

1. ಸಾಧ್ಯವಾದ ಮಟ್ಟಿಗೆ ಚಾರ್ಜ್ ಶೇಕಡಾ 20ರಿಂದ 80ರ ನಡುವೆ ಇರಲಿ. ಕರೆಂಟ್ ಬಂದಾಗ ಅರ್ಧ ಗಂಟೆ ಹಾಕಿ ತೆಗೆದರೂ ತಪ್ಪಿಲ್ಲ. ನಮ್ಮ ಹಳ್ಳಿಯ ಕರೆಂಟಿಗೆ ಇದೇ ಸರಿಯಾದ ಪದ್ಧತಿ.

2. ಬ್ಯಾಟರಿಯ ಮೊದಲ ಶತ್ರು ಬಿಸಿ. ಟ್ರ್ಯಾಕ್ಟರಿನ ಮುಂಭಾಗದಲ್ಲಿ, ಬಿಸಿಲಿಗೆ ನಿಲ್ಲಿಸಿದ ವಾಹನದಲ್ಲಿ, ತಗಡಿನ ಮಾಡಿನ ಕೆಳಗೆ, ಒಲೆಯ ಪಕ್ಕದ ಗೂಡಿನಲ್ಲಿ ಫೋನ್ ಇಡಬೇಡಿ. ಚಾರ್ಜ್ ಆಗುವಾಗ ಹೆಚ್ಚು ಬಿಸಿಯಾದರೆ ಹೊರಕವಚ ತೆಗೆಯಿರಿ. ಚಾರ್ಜಿಗೆ ಹಾಕಿಕೊಂಡೇ ವಿಡಿಯೋ ನೋಡುವುದು, ಆಟ ಆಡುವುದು ಬೇಡ. ತಣಿಸಲೆಂದು ಫ್ರಿಜ್ಜಿನಲ್ಲಿ ಇಡಬಾರದು. ಒಳಗೆ ನೀರಿನ ಪಸೆ ಕೂರುತ್ತದೆ.

3. ಬಳಸದ ಫೋನನ್ನು ಎತ್ತಿಡುವುದಾದರೆ ಅರ್ಧ ಚಾರ್ಜ್ ಮಾಡಿ, ಸ್ವಿಚ್ ಆಫ್ ಮಾಡಿ, ತಂಪಾದ ಒಣ ಜಾಗದಲ್ಲಿ ಇಡಿ. ಖಾಲಿಯಾಗಿಯೇ ತಿಂಗಳುಗಟ್ಟಲೆ ಬಿದ್ದಿದ್ದರೆ ಬ್ಯಾಟರಿ ಕೆಡುತ್ತದೆ.

ದಿನದ ಚಾರ್ಜ್ ಉಳಿಸಲು

1. ಹೆಚ್ಚು ಚಾರ್ಜ್ ತಿನ್ನುವ ಭಾಗಗಳಲ್ಲಿ ಪರದೆ ಮುಖ್ಯವಾದದ್ದು. ಬೆಳಕು ತಗ್ಗಿಸಿ, 30 ಸೆಕೆಂಡಿಗೆ ತಾನಾಗಿ ಆರುವಂತೆ ಸೆಟ್ಟಿಂಗ್ಸ್‌ನಲ್ಲಿ ಹೊಂದಿಸಿ.

2. ಸಿಗ್ನಲ್ ದುರ್ಬಲವಾದಷ್ಟೂ ಫೋನು ಟವರನ್ನು ಮುಟ್ಟಲು ಹೆಚ್ಚು ಶಕ್ತಿ ಖರ್ಚು ಮಾಡುತ್ತದೆ. ಗುಡ್ಡದ ಮರೆಯಲ್ಲಿ, ತಗಡಿನ ಕೊಟ್ಟಿಗೆಯಲ್ಲಿ ಬ್ಯಾಟರಿ ಬೇಗ ಇಳಿಯಲು ಇದೂ ಒಂದು ಕಾರಣ. ಮನೆಯಲ್ಲಿ ಸಿಗ್ನಲ್ ಚೆನ್ನಾಗಿ ಸಿಗುವ ಒಂದು ಜಾಗ ಗೊತ್ತುಮಾಡಿ, ರಾತ್ರಿ ಫೋನನ್ನು ಅಲ್ಲಿಯೇ ಇಡಿ. ಸಿಗ್ನಲ್ಲೇ ಇಲ್ಲದ ಕಡೆ ಏರೋಪ್ಲೇನ್ ಮೋಡ್ ಹಾಕಿ, ಹೊರಬಂದ ಕೂಡಲೇ ತೆಗೆಯಿರಿ.

3. ಬೇಡವಾದಾಗ ಮೊಬೈಲ್ ಡೇಟಾ, ಲೊಕೇಶನ್, ಹಾಟ್‌ಸ್ಪಾಟ್ ಆಫ್ ಮಾಡಿ. ಡೇಟಾ ಆಫ್ ಆಗಿದ್ದರೂ ಸಾಮಾನ್ಯ ಕರೆ ಮತ್ತು ಎಸ್ಸೆಮ್ಮೆಸ್ ಬರುತ್ತವೆ.

4. ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲಿ ಯಾವ ಆ್ಯಪ್ ಎಷ್ಟು ಚಾರ್ಜ್ ತಿಂದಿದೆ ಎಂಬ ಲೆಕ್ಕವಿರುತ್ತದೆ. ಹಾಲು ಕೊಡದೆ ಮೇವು ತಿನ್ನುವ ರಾಸುಗಳನ್ನು ಗುರುತಿಸಿದಂತೆ ಅವುಗಳನ್ನು ಗುರುತಿಸಿ ತೆಗೆದುಹಾಕಿ. ಅಲ್ಲಿಯೇ ಇರುವ ಬ್ಯಾಟರಿ ಸೇವರ್ ಅನ್ನು ಸಂಜೆಯಾದ ಮೇಲೆ ಹಾಕಿಡಿ.

5. ಕೊಟ್ಟಿಗೆಗೆ ಪ್ರತ್ಯೇಕ ಟಾರ್ಚ್ ಇರಲಿ. ಫೋನಿನ ಟಾರ್ಚ್ ತುರ್ತಿಗೆ ಮಾತ್ರ.

ಸದಸ್ಯರು ಕೇಳುವ ಪ್ರಶ್ನೆಗಳು

ಪ್ರಶ್ನೆ: ಬ್ಯಾಟರಿ ಪೂರ್ತಿ ಖಾಲಿಯಾದ ಮೇಲೆಯೇ ಚಾರ್ಜ್ ಮಾಡಬೇಕಂತೆ, ನಿಜವೇ?
ಉತ್ತರ: ಅದು ಹಳೆಯ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಮಾತು. ಲಿಥಿಯಂ ಬ್ಯಾಟರಿಗೆ ಅನ್ವಯಿಸುವುದಿಲ್ಲ.

ಪ್ರಶ್ನೆ: ರಾತ್ರಿಯಿಡೀ ಚಾರ್ಜಿಗೆ ಹಾಕಿದರೆ ಬ್ಯಾಟರಿ ಒಡೆಯುತ್ತದೆಯೇ?
ಉತ್ತರ: ಒಳ್ಳೆಯ ಫೋನು ಭರ್ತಿಯಾದ ಮೇಲೆ ತಾನೇ ಚಾರ್ಜ್ ನಿಲ್ಲಿಸುತ್ತದೆ. ಆದರೆ ಗಂಟೆಗಟ್ಟಲೆ ಭರ್ತಿಯಾಗಿಯೇ ಬಿಸಿಯಲ್ಲಿದ್ದರೆ ಸವೆತ ಹೆಚ್ಚು. ಕಳಪೆ ಚಾರ್ಜರ್ ಆಗಿದ್ದರೆ ಅಪಾಯವೂ ಉಂಟು.

ಪ್ರಶ್ನೆ: ಕಪ್ಪು ಪರದೆ ಇಟ್ಟರೆ ಚಾರ್ಜ್ ಉಳಿಯುತ್ತದೆಯೇ?
ಉತ್ತರ: ಅಮೋಲೆಡ್ ಪರದೆಯಾದರೆ ಉಳಿಯುತ್ತದೆ. ಎಲ್‌ಸಿಡಿ ಪರದೆಯಾದರೆ ಹೆಚ್ಚಿನ ಪ್ರಯೋಜನವಿಲ್ಲ.

ಪ್ರಶ್ನೆ: 10,000 ಎಂಎಎಚ್ ಪವರ್ ಬ್ಯಾಂಕಿನಿಂದ 5,000ದ ಫೋನ್ ಎರಡು ಸಲ ಭರ್ತಿಯಾಗುತ್ತಿಲ್ಲವಲ್ಲ?
ಉತ್ತರ: ವೋಲ್ಟೇಜ್ ಬದಲಾವಣೆಯಲ್ಲಿ ಮತ್ತು ಬಿಸಿಯಾಗಿ ಒಂದು ಪಾಲು ನಷ್ಟವಾಗುತ್ತದೆ. ಒಂದೂಕಾಲು ಸಲ ಸಿಕ್ಕರೆ ಸರಿ ಎಂದೇ ತಿಳಿಯಿರಿ.

ಎಚ್ಚರಿಕೆ

ಹುಲ್ಲಿನ ಬಣವೆ, ಮೇವಿನ ಅಟ್ಟ, ಗೋಣಿಚೀಲ, ಹಾಸಿಗೆ ದಿಂಬು ಇವುಗಳ ಮೇಲೆ ಇಟ್ಟು ಚಾರ್ಜ್ ಮಾಡಲೇಬೇಡಿ. ಹಾಲು ಕರೆದ ಒದ್ದೆ ಕೈಯಲ್ಲಿ ಚಾರ್ಜರ್ ಮುಟ್ಟಬೇಡಿ. ಬಿಐಎಸ್ ಗುರುತಿನ ಚಾರ್ಜರನ್ನೇ ಕೊಳ್ಳಿ. ಫೋನಿನ ಬೆನ್ನು ಉಬ್ಬಿ ಬಂದರೆ ಬ್ಯಾಟರಿ ಕೆಟ್ಟಿದೆ ಎಂದರ್ಥ. ಅದನ್ನು ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ. ಫೋನನ್ನು ಆಫ್ ಮಾಡಿ ರಿಪೇರಿಯವರಲ್ಲಿ ಬದಲಿಸಿ. ತೆಗೆದ ಬ್ಯಾಟರಿಯನ್ನು ತಿಪ್ಪೆಗೂ ಬೆಂಕಿಗೂ ಹಾಕಬಾರದು.

ಹಸು ಕರು ಹಾಕುವ ವಾರದಲ್ಲಿ

ದಿನ ತುಂಬಿದ ಹಸು ಕೊಟ್ಟಿಗೆಯಲ್ಲಿದ್ದರೆ 80ರ ನಿಯಮವನ್ನು ಬದಿಗಿಡಿ. ಸಂಜೆ ಕರೆಂಟ್ ಇರುವಾಗಲೇ ಒಂದು ಫೋನನ್ನು 100ಕ್ಕೆ ಭರ್ತಿ ಮಾಡಿ, ಬ್ಯಾಟರಿ ಸೇವರ್ ಹಾಕಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಕರು ಹಾಕಿದ ಮೇಲೂ ಮೂರು ದಿನ ಹೀಗೆಯೇ ಮಾಡಿ. ಹಾಲು ಜ್ವರ ಹೆಚ್ಚಾಗಿ ಬರುವುದು ಆ ಮೂರು ದಿನಗಳಲ್ಲಿ. ಮನೆಯಲ್ಲಿ ಹಳೆಯ ಬಟನ್ ಫೋನ್ ಇದ್ದರೆ ಎಸೆಯಬೇಡಿ. ಸಿಮ್ ಹಾಕಿ ಚಾಲ್ತಿಯಲ್ಲಿಡಿ. ಒಮ್ಮೆ ಚಾರ್ಜ್ ಮಾಡಿದರೆ ಹಲವು ದಿನ ಬರುತ್ತದೆ.

ಕೊನೆಯದಾಗಿ, ಒಂದು ಪೈಸೆ ಖರ್ಚಿಲ್ಲದ ಕೆಲಸ. ನಿಮ್ಮ ಪಶುವೈದ್ಯರ ನಂಬರು, ಕೃತಕ ಗರ್ಭಧಾರಣೆ ಕಾರ್ಯಕರ್ತರ ನಂಬರು, ಸಂಘದ ಕಾರ್ಯದರ್ಶಿಯವರ ನಂಬರು ಮತ್ತು ಪಶು ಚಿಕಿತ್ಸಾ ಸಹಾಯವಾಣಿ 1962 ಇವಿಷ್ಟನ್ನು ಕೊಟ್ಟಿಗೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ. ಎಷ್ಟೇ ಜೋಪಾನ ಮಾಡಿದರೂ ಬ್ಯಾಟರಿ ಒಂದು ದಿನ ಖಾಲಿಯಾಗುತ್ತದೆ. ಗೋಡೆಯ ಮೇಲೆ ನಂಬರು ಇದ್ದರೆ ನೆರೆಮನೆಯ ಫೋನಿನಿಂದಲಾದರೂ ಕರೆ ಹೋಗುತ್ತದೆ. ಮೇಲೆ ಹೇಳಿದ ಸದಸ್ಯರ ಕೊಟ್ಟಿಗೆಯಲ್ಲಿ ಈಗ ಆ ನಂಬರುಗಳಿವೆ. ನಿಮ್ಮ ಕೊಟ್ಟಿಗೆಯಲ್ಲೂ ಇಂದೇ ಬರೆಯಿರಿ.