ಬಿ.ಕಾಂ. ಓದಿದವಳು ಆರ್ಕಿಟೆಕ್ಟ್ ಆಗಬಹುದೇ?

ಪ್ರಶ್ನೆ: ನನಗೆ 25 ವರ್ಷ. ಪಿಯುಸಿಯಲ್ಲಿ ಕಾಮರ್ಸ್, ಆಮೇಲೆ ಮೂರು ವರ್ಷದ ಬಿ.ಕಾಂ. ಈಗ ಬೆಂಗಳೂರಿನ ಆಡಿಟ್ ಕಚೇರಿಯೊಂದರಲ್ಲಿದ್ದೇನೆ. ಸ್ಟಾಕ್ ಲೆಕ್ಕ ನೋಡಲು ಬ್ಯಾಡಗಿ ಕಡೆಯ ಮೆಣಸಿನಕಾಯಿ ಗೋದಾಮುಗಳಿಗೆ ಹೋಗುತ್ತಿರುತ್ತೇನೆ. ಚೀಲ ಎಣಿಸುವುದಕ್ಕಿಂತ ಕಟ್ಟಡ ನೋಡುವುದರಲ್ಲೇ ನನಗೆ ಆಸಕ್ತಿ. ಲೆಕ್ಕದ ಹಾಳೆಗಳ ಹಿಂಬದಿಯೆಲ್ಲ ನಾನು ಬರೆದ ಚಿತ್ರಗಳೇ. ಅಮೆರಿಕದಲ್ಲಿ ಯಾವ ಪದವಿ ಇದ್ದರೂ ಎಂ.ಆರ್ಕ್. ಸೇರಬಹುದು ಎನ್ನುತ್ತಾಳೆ ಗೆಳತಿ. ಪೋರ್ಟ್‌ಫೋಲಿಯೊ ಮಾಡಿಕೊಡಲು ಏಜೆಂಟ್ ಒಬ್ಬರು ದೊಡ್ಡ ಮೊತ್ತ ಕೇಳಿದ್ದಾರೆ. ‘ಸಿಎ ಮಾಡೋದು ಬಿಟ್ಟು ಮತ್ತೆ ಒಂದರಿಂದ ಶುರು ಮಾಡ್ತೀಯಾ?’ ಎಂದು ಅಮ್ಮನ ಗಲಾಟೆ. ಓದು ಮುಗಿಸಿ ಊರ ಕಡೆಗೇ ಬಂದು ಕೆಲಸ ಮಾಡುವ ಆಸೆ ನನ್ನದು. ಏನು ಮಾಡಲಿ?
— ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಪತ್ರದ ತೂಕವೆಲ್ಲ ಆ ಕೊನೆಯ ಆಸೆಯಲ್ಲಿದೆ. ಅದಕ್ಕೆ ಬರುತ್ತೇನೆ, ಮೊದಲು ಗೆಳತಿಯ ಮಾತು.

ಅವರು ಹೇಳಿದ್ದು ನಿಜ. ನಮ್ಮಲ್ಲಿ ಎಂ.ಆರ್ಕ್. ಸೇರಲು ಐದು ವರ್ಷದ ಬಿ.ಆರ್ಕ್. ಇರಲೇಬೇಕು. ಬಿ.ಆರ್ಕ್.ಗೇ ಹೋಗೋಣವೆಂದರೆ ನಾಟಾ ಪ್ರವೇಶ ಪರೀಕ್ಷೆ ಒಂದೇ ಸಾಲದು, ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕು; ಕಾಮರ್ಸ್‌ನವರಿಗೆ ಅಲ್ಲಿಯೂ ಅಡ್ಡಿ. ಅಮೆರಿಕದ ಪದ್ಧತಿ ಬೇರೆ. ಅಲ್ಲಿ ಇತಿಹಾಸ, ಸಂಗೀತ, ಅರ್ಥಶಾಸ್ತ್ರ ಓದಿದವರಿಗೆಂದೇ ಮೂರರಿಂದ ಮೂರೂವರೆ ವರ್ಷದ ಎಂ.ಆರ್ಕ್. ಇದೆ. ಹಾರ್ವರ್ಡ್, ಯೇಲ್, ಎಂಐಟಿ, ಕೊಲಂಬಿಯಾ ಎಲ್ಲದರಲ್ಲೂ ಉಂಟು. ಕೆನಡಾದ ಟೊರಾಂಟೊ, ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯಗಳಲ್ಲೂ ಇಂಥ ದಾರಿ ಇದೆ. ಎರಡು ವರ್ಷದ ಎಂ.ಆರ್ಕ್. ಎಂದು ಕಂಡರೆ ಅದು ಮೊದಲೇ ಆರ್ಕಿಟೆಕ್ಚರ್ ಓದಿದವರದ್ದು, ಅದಕ್ಕೆ ಅರ್ಜಿ ಹಾಕಿ ಶುಲ್ಕ ಕಳೆದುಕೊಳ್ಳಬೇಡಿ. ಅಮೆರಿಕದಲ್ಲಾದರೆ ಕೋರ್ಸಿಗೆ ಎನ್‌ಎಎಬಿ (ಅಲ್ಲಿನ ಆರ್ಕಿಟೆಕ್ಚರ್ ಕೋರ್ಸುಗಳ ಮಾನ್ಯತಾ ಮಂಡಳಿ) ಮಾನ್ಯತೆ ಇದೆಯೇ ಎಂದೂ ನೋಡಿ. ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಲೈಸೆನ್ಸ್‌ಗೆ ಅದೇ ಆಧಾರ.

ನಿಮ್ಮ ಪದವಿಯಲ್ಲಿ ಎರಡು ತೊಡಕುಗಳಿವೆ. ಒಂದು, ಅದು ಮೂರು ವರ್ಷದ್ದು. ಒಟ್ಟು 16 ವರ್ಷ ಓದಿರಬೇಕು ಎನ್ನುವ ವಿಶ್ವವಿದ್ಯಾಲಯಗಳಿವೆ, ಮೂರು ವರ್ಷದ್ದನ್ನೂ ಒಪ್ಪುವವು ಇವೆ. ಹಾಗಾಗಿ ಅರ್ಜಿ ಶುಲ್ಕ ಕಟ್ಟುವ ಮೊದಲೇ ಇಮೇಲ್ ಬರೆದು ಕೇಳಿ. ಇನ್ನೊಂದು ಗಣಿತ. ಕೆಲವು ಕಡೆ ಕ್ಯಾಲ್ಕುಲಸ್, ಭೌತಶಾಸ್ತ್ರದ ಒಂದೊಂದು ಕೋರ್ಸ್ ಮೊದಲೇ ಮುಗಿಸಿರಬೇಕು ಎನ್ನುತ್ತಾರೆ. ಆನ್‌ಲೈನ್ ಕೋರ್ಸ್ ನಡೆಯುತ್ತದೆಯೇ ಎಂದು ಅದೇ ಇಮೇಲಿನಲ್ಲಿ ಕೇಳಿಬಿಡಿ.

ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಬೇರೆ ಪದವಿಯಿಂದ ಬಂದವರ ಪೋರ್ಟ್‌ಫೋಲಿಯೊದಲ್ಲಿ ಕಟ್ಟಡದ ನಕ್ಷೆ ಇರಬೇಕೆಂದು ಆ ಶಾಲೆಗಳು ನಿರೀಕ್ಷಿಸುವುದೇ ಇಲ್ಲ. ಚಿತ್ರ, ಫೋಟೊ, ಮರಗೆಲಸ, ಹೊಲಿಗೆ ಯಾವುದಾದರೂ ಆದೀತು. ಈಕೆಗೆ ಕಣ್ಣಿದೆಯೇ, ಕೈ ಓಡುತ್ತದೆಯೇ, ಒಂದು ವಿಚಾರವನ್ನು ಹಿಡಿದು ಕೊನೆಯವರೆಗೆ ಬೆಳೆಸಬಲ್ಲಳೇ ಎಂಬುದನ್ನು ನೋಡುತ್ತಾರೆ. ದುಡ್ಡು ಕೊಟ್ಟು ಮಾಡಿಸಿದ ಕಂಪ್ಯೂಟರ್ ಚಿತ್ರಗಳ ಹೊಳಪು ಅವರಿಗೆ ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ಸಾಫ್ಟ್‌ವೇರ್ ಅವರೇ ಕಲಿಸುತ್ತಾರೆ.

ನಿಮ್ಮ ಪೋರ್ಟ್‌ಫೋಲಿಯೊ ಬ್ಯಾಡಗಿಯಲ್ಲೇ ಇದೆ. ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜ್ ಒಂದನ್ನು ಹಿಡಿಯಿರಿ. ಬಿಸಿ, ಬೆಳಕು ತಾಗಿದರೆ ಕಾಯಿಯ ಬಣ್ಣ ಇಳಿಯುತ್ತದೆ, ಬಣ್ಣ ಇಳಿದರೆ ದರ ಇಳಿಯುತ್ತದೆ. ಅದಕ್ಕೇ ಆ ಕಟ್ಟಡಕ್ಕೆ ಕಿಟಕಿಯಿಲ್ಲ, ಗೋಡೆ ದಪ್ಪ. ಅದೇ ಕಾಯಿ ಹರಾಜಿಗೆ ಬಂದಾಗ ಮಾರುಕಟ್ಟೆಯ ಶೆಡ್ಡಿನಲ್ಲಿ ಬೆಳಕು ಬೇಕು, ಕೊಳ್ಳುವವರು ಬಣ್ಣ ನೋಡಬೇಕಲ್ಲ! ಒಂದು ಸರಕು, ಎರಡು ತದ್ವಿರುದ್ಧ ಕಟ್ಟಡ. ಮಾಲೀಕರ ಒಪ್ಪಿಗೆ ಪಡೆದು ಟೇಪ್ ಹಿಡಿದು ಅಳೆಯಿರಿ. 1:50 ಅಳತೆಯಲ್ಲಿ ಎರಡರದ್ದೂ ಪ್ಲಾನ್ ಮತ್ತು ಸೆಕ್ಷನ್ ಬರೆಯಿರಿ. ಹಮಾಲರು ಚೀಲ ಹೊತ್ತು ಎಲ್ಲಿ ತಿರುಗುತ್ತಾರೆ, ಎಲ್ಲಿ ಕೂತು ಊಟ ಮಾಡುತ್ತಾರೆ ಎಂಬುದನ್ನೂ ಗುರುತಿಸಿ. ರಟ್ಟಿನಲ್ಲಿ ಒಂದು ಮಾಡೆಲ್ ಮಾಡಿ. ಲೆಕ್ಕದ ಹಾಳೆಗಳ ಹಿಂದಿನ ಚಿತ್ರಗಳಲ್ಲಿ ಚೆನ್ನಾಗಿರುವುದನ್ನು ಹಾಗೇ ಸೇರಿಸಿ (ಕ್ಲೈಂಟಿನ ಅಂಕಿ-ಅಂಶ ಕಾಣದಂತೆ, ನಿಮಗೆ ಇದನ್ನು ಹೇಳಬೇಕಿಲ್ಲ). ಇಂಥ ಇಪ್ಪತ್ತು ಪುಟ ಮಾಡಲು ಏಜೆಂಟರಿಂದ ಆಗುವುದಿಲ್ಲ.

ಈಗ ಊರಿಗೆ ಬರುವ ಮಾತು. ನಮ್ಮಲ್ಲಿ 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಇದೆ. ಅದರ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆದವರು ಮಾತ್ರ ‘ಆರ್ಕಿಟೆಕ್ಟ್’ ಎಂದು ಬೋರ್ಡ್ ಹಾಕಬಹುದು. ವಿನ್ಯಾಸದ ಕೆಲಸ ಮಾಡುವುದನ್ನು ಆ ಕಾಯ್ದೆ ತಡೆಯುವುದಿಲ್ಲ, ಹೆಸರಿಗೆ ಮಾತ್ರ ನಿರ್ಬಂಧ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಮೂರೂವರೆ ವರ್ಷ ಓದಿ ಬಂದವರಿಗೆ ಆ ಹೆಸರೇ ಇಲ್ಲವೆಂದರೆ ಹೇಗೆ? ಬಿ.ಆರ್ಕ್. ಇಲ್ಲದೆ ಪಡೆದ ವಿದೇಶಿ ಎಂ.ಆರ್ಕ್.ಗೆ ಇಲ್ಲಿ ಮಾನ್ಯತೆ ತಾನಾಗಿ ಸಿಗುವುದಿಲ್ಲ. ನೀವು ಆರಿಸಿದ ವಿಶ್ವವಿದ್ಯಾಲಯ, ಕೋರ್ಸಿನ ಹೆಸರು, ಅವಧಿ, ನಿಮ್ಮ ಹಿಂದಿನ ಪದವಿ ಎಲ್ಲವನ್ನೂ ಬರೆದು ಕೌನ್ಸಿಲ್‌ನಿಂದ ಲಿಖಿತ ಉತ್ತರ ಪಡೆಯಿರಿ. ಏಜೆಂಟರ ಬಾಯಿಮಾತು, ಗೆಳತಿಯ ಭರವಸೆ ಇದಕ್ಕೆ ಸಾಲವು. ಉತ್ತರ ‘ಇಲ್ಲ’ ಎಂದಾದರೆ ಅಮೆರಿಕದಲ್ಲೇ ನೆಲೆ ನಿಲ್ಲುವ ಮನಸ್ಸಿದ್ದರೆ ಮಾತ್ರ ಹೋಗಿ. ಅಲ್ಲಿಯೂ ಪದವಿ ಕೈಗೆ ಬಂದ ಕೂಡಲೇ ಆರ್ಕಿಟೆಕ್ಟ್ ಆಗುವುದಿಲ್ಲ: 3,740 ಗಂಟೆಗಳ ಕಚೇರಿ ಅನುಭವ, ಜೊತೆಗೆ ಆರು ಭಾಗಗಳ ಪರೀಕ್ಷೆ. ಎಲ್ಲ ಮುಗಿಯುವಾಗ ನಿಮಗೆ 32 ದಾಟಿರುತ್ತದೆ.

ದುಡ್ಡಿನ ವಿಷಯದಲ್ಲಿ ಆಡಿಟ್ ಕಚೇರಿಯವರಿಗೆ ನಾನೇನು ಹೇಳಲಿ. ಬೋಧನಾ ಶುಲ್ಕವೇ ವರ್ಷಕ್ಕೆ 50 ಸಾವಿರ ಡಾಲರ್ ದಾಟುವ ಶಾಲೆಗಳಿವೆ. ಸಾಲದ ಬಡ್ಡಿ ಓದುವಾಗಲೇ ಓಡುತ್ತಿರುತ್ತದೆ, ಮತ್ತು ಆರ್ಕಿಟೆಕ್ಟರ ಮೊದಲ ವರ್ಷಗಳ ಸಂಬಳ ಅಂಥ ಸಾಲ ತೀರಿಸುವಷ್ಟು ಇರುವುದು ಅಪರೂಪ. ಲೆಕ್ಕವನ್ನು ನೀವೇ ಬರೆದು ಅಮ್ಮನ ಮುಂದಿಡಿ. ಅವರ ಪ್ರಶ್ನೆಗೆ ಅದೇ ಮರ್ಯಾದೆಯ ಉತ್ತರ.

ಅದಕ್ಕೂ ಮುಂಚೆ ಮೂರ್ನಾಲ್ಕು ತಿಂಗಳು ಬೆಂಗಳೂರಿನ ಯಾವುದಾದರೂ ಆರ್ಕಿಟೆಕ್ಟ್ ಕಚೇರಿಯಲ್ಲಿ ಶನಿವಾರಗಳ ಮಟ್ಟಿಗಾದರೂ ಕೆಲಸ ಮಾಡಿ. ಗುತ್ತಿಗೆದಾರರ ಬಿಲ್, ಬಿಒಕ್ಯೂ (ಸಾಮಗ್ರಿ, ಕೆಲಸದ ಪ್ರಮಾಣದ ಪಟ್ಟಿ) ತಾಳೆ ನೋಡಲು ಲೆಕ್ಕ ಬಲ್ಲವರು ಅವರಿಗೂ ಬೇಕು. ಡ್ರೇನೇಜ್ ಪೈಪಿನ ಇಳಿಜಾರು, ಟೈಲ್ಸ್ ಬಣ್ಣ ಮೂರನೇ ಸಲ ಬದಲಿಸುವ ಗಿರಾಕಿ, ಬಾರದ ಜಲ್ಲಿ ಲಾರಿ — ಈ ವೃತ್ತಿಯ ಬಹುಪಾಲು ದಿನ ಅದೇ. ಅದನ್ನು ನೋಡಿದ ಮೇಲೂ ಆಸೆ ಉಳಿದರೆ ನಂಬಬಹುದು. ಉಳಿಯದಿದ್ದರೆ ಸೀಡ್ ಪ್ರವೇಶ ಪರೀಕ್ಷೆ ಬರೆದು ಎಂ.ಡಿಸೈನ್ (ವಿನ್ಯಾಸದ ಸ್ನಾತಕೋತ್ತರ ಪದವಿ) ಕಡೆ ನೋಡಿ. ಪರೀಕ್ಷೆ ಕೂರಲು ಮೂರು ವರ್ಷದ ಪದವಿ ಸಾಕು, ಪ್ರವೇಶದ ಷರತ್ತು ಮಾತ್ರ ಸಂಸ್ಥೆಗೊಂದು ಥರ.

ಅಮೆರಿಕದ ಅರ್ಜಿಗಳ ಗಡುವು ಸಾಮಾನ್ಯವಾಗಿ ಡಿಸೆಂಬರ್, ಜನವರಿ ಆರಂಭ. ಹತ್ತಿರದ ಗಡುವಿಗೆ ಓಡಬೇಡಿ, ಅದರ ಮುಂದಿನದಕ್ಕೆ ಹಾಕಿ. ಕೌನ್ಸಿಲ್‌ಗೆ ಪತ್ರವನ್ನು ಮಾತ್ರ ಈ ವಾರವೇ ಬರೆಯಿರಿ.